ಓಟು ಹಾಕದ ಜಾಣರಿಗೆ ಒಂದು ಲೆಕ್ಕ

"ಒಂದು ಓಟಿಂದ ಎಂತ ಆಗ್ತದೆ ಮಾರಾಯ?"

ಈ ಪ್ರಶ್ನೆ ಕಿವಿಗೆ ಬೀಳದ ಚುನಾವಣೆಯೇ ಇಲ್ಲ. ಕೇಳುವವರು ನಮ್ಮೂರಿನ ಮೀನು ಮಾರುವ ಹೆಂಗಸರಲ್ಲ, ಗದ್ದೆ ಕೆಲಸದವರೂ ಅಲ್ಲ. ಅವರೆಲ್ಲ ಬೆಳಗ್ಗೆ ಏಳಕ್ಕೇ ಶಾಲೆಯ ಜಗುಲಿಯಲ್ಲಿ ಸಾಲು ಹಚ್ಚಿ, ಬೆರಳಿಗೆ ಶಾಯಿ ಹಾಕಿಸಿಕೊಂಡು ಕೆಲಸಕ್ಕೆ ಹೋಗಿರುತ್ತಾರೆ. ಕೇಳುವವರು ನನ್ನಂಥವರೇ. ಕಾರವಾರ, ಅಂಕೋಲೆಯಲ್ಲಿ ಹುಟ್ಟಿ, ಇಂಜಿನಿಯರಿಂಗ್ ಓದಿ, ಬೆಂಗಳೂರಿನಲ್ಲಿ ಕಂಪ್ಯೂಟರ್ ಮುಂದೆ ಕೂತಿರುವವರು. ದಿನವಿಡೀ ಲೆಕ್ಕದಲ್ಲೇ ಬದುಕುವ ಈ ಮಂದಿ ಓಟಿನ ಲೆಕ್ಕವನ್ನು ಮಾತ್ರ ಹೀಗೆ ತಪ್ಪಾಗಿ ಮಾಡುತ್ತಾರಲ್ಲ ಅಂತ ನನಗೆ ಸಿಟ್ಟು. ಹಾಗಾಗಿ ಇವತ್ತು ಲೆಕ್ಕವನ್ನೇ ಇಟ್ಟು ಮಾತಾಡೋಣ.

2023ರ ಮೇ 10ರಂದು ವಿಧಾನಸಭೆಗೆ ಮತದಾನ ನಡೆಯಿತು. ನಮ್ಮ ಕಾರವಾರ ಕ್ಷೇತ್ರ ಅಂದರೆ ಕಾರವಾರ ಮತ್ತು ಅಂಕೋಲಾ ತಾಲೂಕುಗಳು. ಕಾಂಗ್ರೆಸ್ಸಿನ ಸತೀಶ್ ಸೈಲ್, ಬಿಜೆಪಿಯ ರೂಪಾಲಿ ನಾಯ್ಕ ಇಬ್ಬರೂ ತಲಾ 75 ಸಾವಿರಕ್ಕಿಂತ ಹೆಚ್ಚು ಮತ ಪಡೆದರು. ಗೆಲುವಿನ ಅಂತರ 2,138. ಕ್ಷೇತ್ರದಲ್ಲಿ ಇನ್ನೂರು ಬೂತುಗಳಿವೆ ಅಂತ ಇಟ್ಟುಕೊಂಡರೂ ಬೂತಿಗೆ ಬಂದದ್ದು ಹನ್ನೊಂದಕ್ಕಿಂತ ಕಡಿಮೆ ಓಟಿನ ವ್ಯತ್ಯಾಸ. ನಿಮ್ಮ ಬೂತಿನಿಂದ ಬೆಂಗಳೂರು, ಗೋವಾ, ಮುಂಬೈಗೆ ಹೋಗಿ "ಒಂದು ಓಟಿಂದ ಎಂತ ಆಗ್ತದೆ" ಅಂತ ಕೂತವರು ಎಷ್ಟು ಜನ? ಬೆರಳು ಮಡಚಿ ಎಣಿಸಿ ನೋಡಿ. ಹನ್ನೊಂದು ದಾಟುವುದಕ್ಕೆ ಒಂದು ಕೇರಿ ಸಾಕು.

ಅದೇ ಚುನಾವಣೆಯಲ್ಲಿ ಬೆಂಗಳೂರಿನ ಜಯನಗರದಲ್ಲಿ ಮರುಎಣಿಕೆ ಆದ ಮೇಲೆ ಅಂತರ ಎಷ್ಟು ಉಳಿಯಿತು ಗೊತ್ತೇ? ಹದಿನಾರು. ಒಂದು ಅಪಾರ್ಟ್‌ಮೆಂಟಿನ ಒಂದು ಮಹಡಿ! ಇನ್ನೂ ಹಿಂದೆ ಹೋದರೆ, 2004ರಲ್ಲಿ ಸಂತೇಮರಹಳ್ಳಿ ಕ್ಷೇತ್ರದಲ್ಲಿ ಆರ್. ಧ್ರುವನಾರಾಯಣ ಅವರಿಗೆ 40,752 ಮತ, ಎ.ಆರ್. ಕೃಷ್ಣಮೂರ್ತಿ ಅವರಿಗೆ 40,751. ಒಂದೇ ಒಂದು ಓಟು. 2008ರಲ್ಲಿ ರಾಜಸ್ಥಾನದ ನಾಥದ್ವಾರದಲ್ಲಿ ಸಿ.ಪಿ. ಜೋಶಿ ಸೋತದ್ದೂ ಒಂದೇ ಓಟಿನಿಂದ. ಇಂಥದ್ದು ಪ್ರತಿಸಲ ಆಗುವುದಿಲ್ಲ, ನಿಜ. ಆದರೆ ಯಾವ ಸಲ ಆಗುತ್ತದೆ ಅಂತ ಎಣಿಕೆಗೆ ಮೊದಲು ಯಾರಿಗೂ ಗೊತ್ತಿರುವುದಿಲ್ಲ.

ಇರಲಿ, ಎರಡನೇ ವಾದಕ್ಕೆ ಬರೋಣ. "ಯಾರು ಬಂದರೂ ಅಷ್ಟೇ, ಎಲ್ಲರೂ ಕಳ್ಳರು."

ಈ ಮಾತು ಹುಟ್ಟಿದ್ದಕ್ಕೆ ನಮ್ಮ ಕಡೆ ಕಾರಣಗಳಿಲ್ಲ ಅಂತ ನಾನು ಹೇಳುವುದಿಲ್ಲ. ಸರ್ಕಾರವೇ ಜಪ್ತಿ ಮಾಡಿದ ಅದಿರು 2010ರಲ್ಲಿ ಹಡಗು ಹತ್ತಿ ಹೋದದ್ದು ನಮ್ಮ ಅಂಕೋಲಾ ತಾಲೂಕಿನ ಬೇಲೆಕೇರಿ ಬಂದರಿನಿಂದಲೇ. ಲೋಕಾಯುಕ್ತ ಸಂತೋಷ್ ಹೆಗ್ಡೆಯವರ 2011ರ ವರದಿ ದೇಶಕ್ಕೆಲ್ಲ ಗೊತ್ತು. ಆ ಪ್ರಕರಣಗಳಲ್ಲಿ ಸತೀಶ್ ಸೈಲ್ ಅವರಿಗೆ 2024ರ ಅಕ್ಟೋಬರಿನಲ್ಲಿ ವಿಶೇಷ ನ್ಯಾಯಾಲಯ ಏಳು ವರ್ಷ ಶಿಕ್ಷೆ ವಿಧಿಸಿತು, ನವೆಂಬರಿನಲ್ಲಿ ಹೈಕೋರ್ಟು ಅದನ್ನು ಅಮಾನತಿನಲ್ಲಿಟ್ಟಿತು. ಇನ್ನೊಂದು ಕಡೆ ನೋಡಿದರೆ, 2008ರ ಮೇ ತಿಂಗಳಲ್ಲಿ ಕಾಂಗ್ರೆಸ್ಸಿನಿಂದ ಗೆದ್ದ ಆನಂದ ಅಸ್ನೋಟಿಕರ್ ರಾಜೀನಾಮೆ ಕೊಟ್ಟು, ಅದೇ ಡಿಸೆಂಬರಿನ ಉಪಚುನಾವಣೆಯಲ್ಲಿ ಬಿಜೆಪಿಯಿಂದ ಗೆದ್ದು ಬಂದರು. ಒಂದೇ ವರ್ಷ, ಒಬ್ಬರೇ ಮನುಷ್ಯ, ಎರಡು ಪಕ್ಷ. ಬೇಸರ ಬರದೇ ಇರುತ್ತದೆಯೇ?

ಆದರೆ ಮುಂದೇನಾಯಿತು ಅಂತಲೂ ನೋಡಿ. 2013ರಲ್ಲಿ ನಮ್ಮ ಕ್ಷೇತ್ರ ಪಕ್ಷಗಳನ್ನೆಲ್ಲ ಬದಿಗಿಟ್ಟು ಪಕ್ಷೇತರರನ್ನು ಗೆಲ್ಲಿಸಿತು. 2018ರಲ್ಲಿ ಅವರನ್ನೂ ಸೋಲಿಸಿತು. 2023ರಲ್ಲಿ ಮತ್ತೆ ಬದಲಾಯಿಸಿತು. ಮೂರು ಚುನಾವಣೆ, ಮೂರು ಸಲವೂ ಕುರ್ಚಿಯಲ್ಲಿದ್ದವರು ಇಳಿದರು. ಇದು ಓಟಿಗೆ ಬೆಲೆ ಇಲ್ಲದ ಊರಿನ ಕತೆಯೇ? ಕಾರವಾರದ ಸೀಟು ಯಾರಪ್ಪನ ಆಸ್ತಿಯೂ ಅಲ್ಲ ಅಂತ ಮೂರು ಸಲ ಸಾಬೀತಾಗಿದೆ. ಅದನ್ನು ಸಾಬೀತು ಮಾಡಿದವರು ಸಾಲಿನಲ್ಲಿ ನಿಂತವರು. ಎಲ್ಲರೂ ಕಳ್ಳರು ಅಂತ ಮನೆಯಲ್ಲಿ ಕೂತವರಲ್ಲ.

ಮತ್ತೆ, ಎಲ್ಲರೂ ಕಳ್ಳರು ಅನ್ನುವವರಲ್ಲಿ ಅಭ್ಯರ್ಥಿಯ ಅಫಿಡವಿಟ್ ತೆರೆದು ಓದಿದವರು ಎಷ್ಟು ಮಂದಿ? ಆಸ್ತಿ ಎಷ್ಟು, ಸಾಲ ಎಷ್ಟು, ಯಾವ ಯಾವ ಕೇಸಿದೆ ಅಂತ ಎಲ್ಲವನ್ನೂ ಬರೆದುಕೊಡಬೇಕು ಅಂತ ಸುಪ್ರೀಂ ಕೋರ್ಟಿನ ಆದೇಶಗಳಿಂದಾಗಿ 2003ರಿಂದ ನಿಯಮವಿದೆ. ಚುನಾವಣಾ ಆಯೋಗದ ಜಾಲತಾಣದಲ್ಲಿ ಪುಕ್ಕಟೆ ಸಿಗುತ್ತದೆ. ಮೊಬೈಲು ಕೊಳ್ಳುವ ಮುಂಚೆ ಇಪ್ಪತ್ತು ರಿವ್ಯೂ ಓದುವ ನಾವು ಐದು ವರ್ಷದ ಶಾಸಕರ ಬಗ್ಗೆ ನಾಲ್ಕು ಪುಟ ಓದುವುದಿಲ್ಲ. ಆಮೇಲೆ ಎಲ್ಲ ಮಾಡೆಲ್ಲೂ ಒಂದೇ ಅನ್ನುತ್ತೇವೆ :-)

ಮೂರನೆಯದು ಸ್ವಲ್ಪ ಗಂಭೀರ ವಾದ: ಬಹಿಷ್ಕಾರ. "ಆಸ್ಪತ್ರೆ ಕೊಡಿ, ಇಲ್ಲವಾದರೆ ಓಟಿಲ್ಲ." "ರಸ್ತೆ ಇಲ್ಲ, ಓಟಿಲ್ಲ."

ಇದರ ಹಿಂದಿನ ನೋವು ನನಗೂ ಗೊತ್ತು. 2022ರ ಜುಲೈ 20ರಂದು ಹೊನ್ನಾವರದಿಂದ ರೋಗಿಯನ್ನು ಕರೆದೊಯ್ಯುತ್ತಿದ್ದ ಆಂಬುಲೆನ್ಸ್ ಬೈಂದೂರಿನ ಹತ್ತಿರದ ಶಿರೂರು ಟೋಲ್ ಗೇಟಿನಲ್ಲಿ ಪಲ್ಟಿಯಾಗಿ ನಾಲ್ವರು ಸತ್ತರು. ಆಗ ಇಡೀ ಜಿಲ್ಲೆ ಸೂಪರ್ ಸ್ಪೆಷಾಲಿಟಿ ಆಸ್ಪತ್ರೆ ಬೇಕು ಅಂತ ಕೂಗಿತು. ನಮ್ಮಲ್ಲಿ ಯಾರಿಗಾದರೂ ದೊಡ್ಡ ಕಾಯಿಲೆ ಬಂದರೆ ಮಣಿಪಾಲವೋ, ಮಂಗಳೂರೋ, ಗೋವಾವೋ, ಹುಬ್ಬಳ್ಳಿಯೋ ಅಂತ ಮೊದಲು ದಾರಿ ಲೆಕ್ಕ ಹಾಕುವುದು ಮನೆಮನೆಯ ಕತೆ. 2024ರ ಜುಲೈ 16ರಂದು ನಮ್ಮದೇ ತಾಲೂಕಿನ ಇನ್ನೊಂದು ಶಿರೂರಿನಲ್ಲಿ ಹೆದ್ದಾರಿ ಮೇಲೆ ಗುಡ್ಡ ಕುಸಿದು ಹತ್ತಕ್ಕೂ ಹೆಚ್ಚು ಜನ ಹೋದರು. ಮೂರೇ ವಾರಕ್ಕೆ, ಆಗಸ್ಟ್ 7ರ ನಡುರಾತ್ರಿ, ಕಾರವಾರದಲ್ಲಿ ಕಾಳಿ ನದಿಯ ಹಳೇ ಸೇತುವೆ ಕುಸಿಯಿತು. ಹುಬ್ಬಳ್ಳಿ-ಅಂಕೋಲಾ ರೈಲಂತೂ 1990ರ ದಶಕದ ಕೊನೆಯಿಂದ ಪ್ರತಿ ಚುನಾವಣೆಯ ಭಾಷಣದಲ್ಲಿ ಮಾತ್ರ ಓಡುತ್ತಿದೆ.

ಸಿಟ್ಟು ನ್ಯಾಯವಾದದ್ದೇ. ಆದರೆ ಸಿಟ್ಟನ್ನು ಹಾಕುವ ಜಾಗ ಯಾವುದು? ಬಹಿಷ್ಕಾರ ಅಂದರೆ ಮತಯಂತ್ರದ ಮಟ್ಟಿಗೆ ನೀವು ಗೈರುಹಾಜರು. ಸಿಟ್ಟಿನಿಂದ ಬಾರದವನೂ ನಿದ್ದೆಯಿಂದ ಏಳದವನೂ ಅಲ್ಲಿ ಒಂದೇ. ನೂರರಲ್ಲಿ ಮೂವತ್ತೇ ಜನ ಬಂದರೂ ಆ ಮೂವತ್ತರಲ್ಲಿ ಹೆಚ್ಚು ಯಾರಿಗೋ ಅವರೇ ಶಾಸಕರು. ನೋಟಾ ಒತ್ತಬಹುದು. 2013ರ ಸುಪ್ರೀಂ ಕೋರ್ಟ್ ತೀರ್ಪಿನ ನಂತರ ಅದು ಯಂತ್ರದ ಮೇಲೇ ಇದೆ, ಹಿಂದಿನ 49-ಓ ಹಾಗೆ ಅಧಿಕಾರಿಯ ಮುಂದೆ ಸಹಿ ಮಾಡುವ ರಗಳೆ ಇಲ್ಲ. ಕನಿಷ್ಠ ಎಣಿಕೆಗಾದರೂ ಸಿಗುತ್ತದೆ. ಆದರೆ ವಿಧಾನಸಭೆ, ಲೋಕಸಭೆಯಲ್ಲಿ ನೋಟಾಗೇ ಅತಿ ಹೆಚ್ಚು ಮತ ಬಿದ್ದರೂ ನಂತರದ ಸ್ಥಾನದಲ್ಲಿರುವ ಅಭ್ಯರ್ಥಿಯೇ ಗೆದ್ದಂತೆ.

ಇಲ್ಲಿ ನಮ್ಮ ಜಾಣರಿಗೆ ಗೊತ್ತಿಲ್ಲದ, ರಾಜಕಾರಣಿಗಳಿಗೆ ಚೆನ್ನಾಗಿ ಗೊತ್ತಿರುವ ಒಂದು ಸಂಗತಿ ಹೇಳುತ್ತೇನೆ. ನಮೂನೆ 20 ಅಂತ ಒಂದು ಇದೆ. ಫಲಿತಾಂಶದ ನಂತರ ಪ್ರತಿ ಬೂತಿನಲ್ಲಿ ಯಾರಿಗೆ ಎಷ್ಟು ಮತ ಬಿತ್ತು ಅನ್ನುವ ಪಟ್ಟಿ ಅದು. ನೀವು ಯಾರಿಗೆ ಹಾಕಿದಿರಿ ಅಂತ ಯಾರಿಗೂ ತಿಳಿಯುವುದಿಲ್ಲ. ಆದರೆ ನಿಮ್ಮ ಬೂತು ಬಂದಿತ್ತೋ ಇಲ್ಲವೋ, ಹೋದ ಸಲ ಅತ್ತ ಇದ್ದದ್ದು ಈ ಸಲ ಇತ್ತ ವಾಲಿತೋ, ಎಲ್ಲ ಪಕ್ಷಗಳೂ ಕೂತು ನೋಡುತ್ತವೆ. ಬಹಿಷ್ಕಾರ ಹಾಕಿದ ಬೂತು ಆ ಪಟ್ಟಿಯಲ್ಲಿ ಬರೀ ಸೊನ್ನೆ, ಸೊನ್ನೆಗೆ ಯಾರೂ ಹೆದರುವುದಿಲ್ಲ. ನೂರಕ್ಕೆ ತೊಂಬತ್ತು ಬಂದು, ಪ್ರತಿಸಲ ಮನಸ್ಸು ಬದಲಾಯಿಸುವ ಬೂತಿಗೆ ಹೆದರುತ್ತಾರೆ. ಇಪ್ಪತ್ತೆಂಟರ ಹುಡುಗರು ಊರಲ್ಲಿ ಇಲ್ಲ, ಬರುವುದೂ ಇಲ್ಲ ಅಂತ ಆ ಪಟ್ಟಿ ಹೇಳಿದರೆ, ಇಪ್ಪತ್ತೆಂಟರ ಹುಡುಗರಿಗೆ ಬೇಕಾದ ಕೆಲಸ, ಕಾರ್ಖಾನೆ, ಕಾಲೇಜು ಯಾರ ಪ್ರಣಾಳಿಕೆಯಲ್ಲಿ ಬರಬೇಕು ಹೇಳಿ?

ಜನ ಬಾರದೇ ಹೋದರೆ ಏನಾಗುತ್ತದೆ ಅಂತ ನೋಡಲು ದೂರದ ನೈಜೀರಿಯಾ ಇದೆ. 2023ರ ಅಧ್ಯಕ್ಷ ಚುನಾವಣೆಯಲ್ಲಿ ಅಲ್ಲಿ ನೋಂದಾಯಿತ ಮತದಾರರು ಸುಮಾರು 9.3 ಕೋಟಿ. ಮತ ಹಾಕಿದವರು ನೂರಕ್ಕೆ ಇಪ್ಪತ್ತೇಳರಷ್ಟು. ಗೆದ್ದವರಿಗೆ ಸಿಕ್ಕಿದ್ದು ಸುಮಾರು 88 ಲಕ್ಷ ಮತ. ಅಂದರೆ ಹತ್ತು ಮತದಾರರಲ್ಲಿ ಒಬ್ಬರೂ ಪೂರ್ತಿ ಬೇಕಾಗಲಿಲ್ಲ. ಅಲ್ಲಿ ಭಯ, ಅವ್ಯವಸ್ಥೆ, ದೂರ, ಹೀಗೆ ನೂರು ತೊಂದರೆಗಳಿವೆ. ನಮ್ಮ ಬೆಂಗಳೂರು ದಕ್ಷಿಣದಲ್ಲಿ 2024ರಲ್ಲಿ ನೂರಕ್ಕೆ ಐವತ್ಮೂರು ಜನ ಮಾತ್ರ ಬಂದದ್ದಕ್ಕೆ ಯಾವ ಭಯ ಕಾರಣ? ಯಾವ ನದಿ ದಾಟಬೇಕಿತ್ತು?

ರಜೆ ಸಿಗುವುದಿಲ್ಲ ಅನ್ನುವವರಿಗೆ ಒಂದು ಮಾತು. 2024ರ ಲೋಕಸಭೆಗೆ ಬೆಂಗಳೂರಿನ ಮತದಾನ ಏಪ್ರಿಲ್ 26ಕ್ಕೆ, ಉತ್ತರ ಕನ್ನಡದ್ದು ಮೇ 7ಕ್ಕೆ. ನನ್ನ ಮನೆ ಅಂಕೋಲೆ, ತಿಂಗಳಲ್ಲಿ ಅರ್ಧ ದಿನ ಅಲ್ಲಿಂದಲೇ ಕೆಲಸ, ಓಟೂ ಅಲ್ಲೇ. ಆಫೀಸಿನಲ್ಲಿ "ನಿಮ್ಮೂರ ಎಲೆಕ್ಷನ್ನಿಗೆ ಇಲ್ಲಿ ರಜೆ ಇಲ್ಲ" ಅಂದರು. ಜನತಾ ಪ್ರಾತಿನಿಧ್ಯ ಕಾಯ್ದೆಯ 135ಬಿ ಕಲಮನ್ನು ಪ್ರಿಂಟ್ ತೆಗೆದು ಮೇಜಿನ ಮೇಲಿಟ್ಟೆ. ಮತದಾನದ ದಿನ ಮತ ಹಾಕುವ ಹಕ್ಕಿರುವ ನೌಕರನಿಗೆ ಸಂಬಳ ಸಹಿತ ರಜೆ ಕೊಡಬೇಕು ಅನ್ನುತ್ತದೆ ಅದು. ಬೇರೆ ಊರಿನಲ್ಲಿ ಕೆಲಸ ಮಾಡುವವರಿಗೂ ಇದು ಅನ್ವಯ ಅಂತ ಆಯೋಗವೂ ಹೇಳಿದೆ. ರಜೆ ಸಿಕ್ಕಿತು, ಪಂಚಗಂಗಾ ರೈಲು ಹತ್ತಿದೆ. ಇನ್ನು ಬೆಂಗಳೂರಿನಲ್ಲೇ ನೆಲೆ ನಿಂತವರು ನಮೂನೆ 8 ತುಂಬಿ ಹೆಸರನ್ನು ಇಲ್ಲಿಗೇ ವರ್ಗಾಯಿಸಿಕೊಳ್ಳಿ, ಕಾನೂನೂ ಅದನ್ನೇ ಹೇಳುತ್ತದೆ. ಅಲ್ಲೂ ಹಾಕುವುದಿಲ್ಲ, ಇಲ್ಲೂ ಹಾಕುವುದಿಲ್ಲ ಅನ್ನುವುದಿದೆಯಲ್ಲ, ಅದಕ್ಕೆ ಮಾತ್ರ ನನ್ನ ಬಳಿ ಮರ್ಯಾದೆಯ ಹೆಸರಿಲ್ಲ.

ಅಂಕೋಲೆಯವರಾಗಿ ನಾವು ಇನ್ನೂ ಸ್ವಲ್ಪ ನಾಚಿಕೊಳ್ಳಬೇಕು. 1930ರ ಏಪ್ರಿಲ್ 13ರಂದು ಉಪ್ಪಿನ ಕಾನೂನು ಮುರಿದ ಊರು ಇದು. ಆಮೇಲಿನ ಕರನಿರಾಕರಣೆಯಲ್ಲಿ ಇಲ್ಲಿನ ರೈತರು ಗದ್ದೆ ಕಳಕೊಂಡರು, ದನಕರು ಹರಾಜಾದವು, ಜೈಲಿಗೆ ಹೋದರು. ಅವರಲ್ಲಿ ಬಹುಪಾಲು ಜನರಿಗೆ ಓಟೇ ಇರಲಿಲ್ಲ. ಆಗ ಓಟು ಆಸ್ತಿ, ತೆರಿಗೆ, ಓದು ಇದ್ದವರ ಸೊತ್ತು. ಒಂದು ಗುಂಡಿ ಒತ್ತಿ ಸರ್ಕಾರ ಇಳಿಸುವ ದಾರಿ ಇಲ್ಲದ್ದರಿಂದ ಮನೆ ಮಠ ಪಣಕ್ಕಿಡಬೇಕಾಯಿತು. ಅದೇ ತಾಲೂಕಿನ ಅಲಗೇರಿಯ ದಿನಕರ ದೇಸಾಯಿಯವರನ್ನು ರೈತರ ಪರ ನಿಂತರು ಅಂತ ಬ್ರಿಟಿಷರು 1940ರಲ್ಲಿ ಜಿಲ್ಲೆಯಿಂದಲೇ ಗಡಿಪಾರು ಮಾಡಿದ್ದರು. 1967ರಲ್ಲಿ ಅದೇ ಜಿಲ್ಲೆಯ ಜನ ಅವರನ್ನು ಪಕ್ಷೇತರರಾಗಿ ಲೋಕಸಭೆಗೆ ಕಳಿಸಿದರು. ಒಳ್ಳೆಯವರು ಗೆಲ್ಲುವುದೇ ಇಲ್ಲ ಅನ್ನುವವರು ಈ ಒಂದು ಹೆಸರನ್ನಾದರೂ ನೆನಪಿಡಲಿ.

ಹಣ, ಹೆಂಡದ ಬಗ್ಗೆ ಹೇಳದಿದ್ದರೆ ಲೆಕ್ಕ ಅರ್ಧವಾದೀತು. ಐನೂರರ ಒಂದು ನೋಟನ್ನು ಐದು ವರ್ಷಕ್ಕೆ ಹಂಚಿ, ದಿನಕ್ಕೆ ಇಪ್ಪತ್ತೇಳು ಪೈಸೆ. ಚುನಾವಣೆಯ ರಾತ್ರಿ ಬಾಟಲಿ ಹಂಚುವ ಇದೇ ತಾಲೂಕಿನಲ್ಲಿ ಬಡಿಗೇರಿಯ ಸುಕ್ರಿ ಬೊಮ್ಮಗೌಡ ಎಂಬ ಹಾಲಕ್ಕಿ ಅಜ್ಜಿ ಸಾರಾಯಿಯ ವಿರುದ್ಧ ವರ್ಷಗಟ್ಟಲೆ ಹೋರಾಡಿದರು. 2025ರ ಫೆಬ್ರವರಿಯಲ್ಲಿ ಅವರು ತೀರಿಕೊಂಡಾಗ ಸ್ಟೇಟಸ್ ಹಾಕಿದವರು ಬಹಳ. ಆ ಬಾಟಲಿಯನ್ನು ಬೇಡ ಅನ್ನುವವರು ಎಷ್ಟು?

ಕೊನೆಯದಾಗಿ ಒಂದು ಪ್ರಶ್ನೆ. ಕರ್ನಾಟಕದಲ್ಲಿ ಜಿಲ್ಲಾ ಪಂಚಾಯತ್, ತಾಲೂಕು ಪಂಚಾಯತ್ ಚುನಾವಣೆ 2016ರಲ್ಲಿ ನಡೆಯಿತು. 2021ಕ್ಕೆ ಅವಧಿ ಮುಗಿಯಿತು. ಆಮೇಲೆ ವರ್ಷಗಟ್ಟಲೆ ಚುನಾವಣೆಯೇ ಇಲ್ಲದೆ ಅಧಿಕಾರಿಗಳೇ ಆಡಳಿತ ನಡೆಸಿದರು. ನಿಮ್ಮ ಊರಿನ ಶಾಲೆ, ಕುಡಿಯುವ ನೀರು, ಸಂಕಗಳ ಮಾತು ಅಲ್ಲೇ ತೀರ್ಮಾನವಾಗುವುದು. ನಿಮ್ಮ ಕೈಯಿಂದ ಒಂದು ಓಟು ಹೀಗೆ ಜಾರಿಹೋದದ್ದು ನಿಮಗೆ ಯಾವಾಗ ಗೊತ್ತಾಯಿತು? ಯಾವ ಪಕ್ಷದ ಸರ್ಕಾರವೂ ಗಡಿಬಿಡಿ ಮಾಡಲಿಲ್ಲ, ಯಾಕೆಂದರೆ ಕೇಳುವವರು ಕಡಿಮೆ. ಒಂದು ಓಟಿಂದ ಏನೂ ಆಗುವುದಿಲ್ಲವಾದರೆ ಅದನ್ನು ಕೊಡಲು ಅವರಿಗೇಕೆ ಇಷ್ಟು ಕಷ್ಟ?

ಈಗ ಹೆಸರು ಸೇರಿಸಲು ವರ್ಷಕ್ಕೆ ನಾಲ್ಕು ಅರ್ಹತಾ ದಿನಗಳಿವೆ: ಜನವರಿ, ಏಪ್ರಿಲ್, ಜುಲೈ, ಅಕ್ಟೋಬರ್ ತಿಂಗಳುಗಳ ಒಂದನೇ ತಾರೀಕು. ಹೊಸಬರಿಗೆ ನಮೂನೆ 6. ಹತ್ತು ನಿಮಿಷದ ಕೆಲಸ. ನನ್ನನ್ನು ಬೈಯುವವರು ಬೈಯಿರಿ, ಬೇಜಾರಿಲ್ಲ. ಅದಕ್ಕೂ ಮೊದಲು ಪಟ್ಟಿಯಲ್ಲಿ ನಿಮ್ಮ ಹೆಸರು ಇದೆಯಾ ನೋಡಿಕೊಂಡು ಬನ್ನಿ.