ಸಮಾಧಾನ ಪುಕ್ಕಟೆ ಅಲ್ಲ

‘ನಿನಗ ಲಗೂನ ಸಿಟ್ಟು ಬರೂದಿಲ್ಲ, ಮಾತೂ ಚಲೋ ಅದ. ಕಸ್ಟಮರ್ ಕೇರ್ ಕೆಲಸಕ್ಕ ಹೋಗು.’ ಡಿಗ್ರಿ ಮುಗಿಸಿದವರಿಗೆ ನಮ್ಮ ಬಾಗಲಕೋಟೆ, ಹುನಗುಂದದ ಕಡೆ ಹೀಗೆ ಹೇಳುವವರು ಬಹಳ. ಸಲಹೆ ತಪ್ಪಲ್ಲ. ಆದರೆ ಆ ಸಮಾಧಾನಕ್ಕೆ ಪಗಾರ ಎಷ್ಟು ಅಂತ ಯಾರೂ ಕೇಳುವುದಿಲ್ಲ.

ಈ ಕೆಲಸ ನೋಡಲು ಬೆಂಗಳೂರಿಗೆ ಹೋಗಬೇಕಿಲ್ಲ. ಇಳಕಲ್ಲಿನ ಸೀರೆ ಅಂಗಡಿಗೆ ಹೋಗಿ. ಇಪ್ಪತ್ತು ಸೀರೆ ಬಿಚ್ಚಿಸಿದ ಗಿರಾಕಿ ಬರಿಗೈಲಿ ಎದ್ದು ಹೋದರೂ ಅಂಗಡಿಯ ಹುಡುಗ ನಗುತ್ತಲೇ ಮಡಚಿಡುತ್ತಾನೆ.

ಬನಶಂಕರಿ ಜಾತ್ರೆಗೆ ಬಾದಾಮಿ ಬಸ್ ಹತ್ತಿ. 2023ರ ಜೂನ್ 11ರಂದು ಶಕ್ತಿ ಯೋಜನೆ ಶುರುವಾದ ಮೇಲೆ ಹೆಣ್ಣುಮಕ್ಕಳಿಗೆ ಪ್ರಯಾಣ ಉಚಿತ. ಆದರೂ ಪ್ರತಿಯೊಬ್ಬರಿಗೂ ಶೂನ್ಯ ದರದ ಟಿಕೆಟ್ ಕೊಡಲೇಬೇಕು. ಕಾಲಿಡಲು ಜಾಗವಿಲ್ಲದ ಬಸ್ಸಿನಲ್ಲಿ ಗುರುತಿನ ಚೀಟಿ ನೋಡಿ, ಟಿಕೆಟ್ ಕೊಟ್ಟು, ಸೀಟಿನ ಜಗಳ ಬಿಡಿಸಿ, ‘ಯವ್ವಾ, ಸ್ವಲ್ಪ ಒಳಗ ಸರೀರಿ’ ಎನ್ನುವ ಕಂಡಕ್ಟರ್ ಮಾಡುವುದೂ ಇದೇ ಕೆಲಸ. ಅವರಿಗೆ ತಿಂಗಳ ಸಂಬಳವಾದರೂ ಇದೆ.

ಗ್ರಾಮ ಒನ್ ಕೇಂದ್ರದಲ್ಲಿ ಕೂತವರಿಗೆ ಅದೂ ಇಲ್ಲ. 2023ರ ಜುಲೈನಲ್ಲಿ ಗೃಹಲಕ್ಷ್ಮಿಯ 2,000 ರೂಪಾಯಿಗೆ ನೋಂದಣಿ ಶುರುವಾದಾಗ ಸರ್ವರ್ ಕೈಕೊಟ್ಟಿದ್ದು ನೆನಪಿದೆಯೇ? ಬೈಗುಳ ತಿಂದವರು ಸರ್ವರ್ ನಡೆಸುವವರಲ್ಲ, ಎದುರಿಗೆ ಕೂತ ಆಪರೇಟರ್. ಅವರು ಸರ್ಕಾರಿ ನೌಕರರಲ್ಲ. ಮಾಡಿದ ಕೆಲಸಕ್ಕೆ ತಕ್ಕ ಕಮಿಷನ್ ಅಷ್ಟೇ. ಸರ್ವರ್ ನಿಂತರೆ ಗಳಿಕೆ ನಿಲ್ಲುತ್ತದೆ, ಬೈಗುಳ ನಿಲ್ಲುವುದಿಲ್ಲ.

2008ರಲ್ಲಿ ಶುರುವಾದ 108 ಆಂಬುಲೆನ್ಸ್ ಸೇವೆಯನ್ನೇ ನೋಡಿ. ಅಳುತ್ತಾ ಫೋನ್ ಮಾಡಿದವರಿಂದ ಊರು, ಗುರುತು, ರೋಗಿಯ ಸ್ಥಿತಿ ಕೇಳಿ ತಿಳಿಯಲು ಗಟ್ಟಿ ಮನಸ್ಸು ಬೇಕು. ಆ ಸೇವೆಯ ಸಿಬ್ಬಂದಿಯೇ ಬಾಕಿ ಸಂಬಳಕ್ಕಾಗಿ ಬೀದಿಗಿಳಿದದ್ದನ್ನು ಕಂಡಿದ್ದೇವೆ.

ತಾಳ್ಮೆ ಹುಟ್ಟುಗುಣ, ಅದಕ್ಕೇನು ಕೊಡುವುದು ಎನ್ನುವುದು ಮಾಲೀಕರ ಲೆಕ್ಕ. ನೇಯುವವರ ಕೈಚಳಕಕ್ಕೆ ಬೆಲೆ ಇರುವುದಾದರೆ ದಿನಕ್ಕೆ ನೂರು ಜನರ ಸಿಟ್ಟು ನುಂಗುವುದಕ್ಕೂ ಬೆಲೆ ಇರಬೇಕು.

ಕೆಲಸಕ್ಕೆ ಸೇರುವ ತಮ್ಮ ತಂಗಿಯರೇ, ಮೂರು ಮಾತು ಕೇಳಿ ಸೇರಿ. ಸಂಬಳವೋ, ಕಮಿಷನ್ನೋ? ನೇಮಕ ಯಾರ ಹೆಸರಿನಲ್ಲಿ, ಪಿಎಫ್ ಇದೆಯೇ? ಜನರ ತೊಂದರೆ ಸರಿಪಡಿಸುವ ಅಧಿಕಾರ ನಮಗಿದೆಯೋ, ಬರೀ ‘ಸ್ವಲ್ಪ ತಡೀರಿ’ ಅನ್ನುವುದಷ್ಟೇ ಕೆಲಸವೋ?

ಸಾಲಿನಲ್ಲಿ ನಿಂತ ನಾವೂ ಒಂದು ಕಲಿಯಬೇಕು. ಸಿಟ್ಟು ನ್ಯಾಯವಾದದ್ದೇ ಇರಬಹುದು, ಅದನ್ನು ಕಿಟಕಿಯ ಆಚೆ ಕೂತವರ ಮೇಲೆ ಹಾಕಬೇಡಿ. ದೂರು ಬರೆದು ಮೇಲಿನವರಿಗೆ ಕೊಡಿ. ಸಮಾಧಾನದಿಂದ ಉತ್ತರಿಸುವ ಪಾಳಿ ಒಮ್ಮೆ ಅವರಿಗೂ ಬರಲಿ.