ಕೋಳಿಗೂ ಬೇಕು ಮಧ್ಯಾಹ್ನದ ವಿರಾಮ

ಜೂನ್ ಬಂತೆಂದರೆ ಒಮಾನಿನ ಬಾತಿನಾ ಕಡೆಯ ತೋಟಗಳಲ್ಲಿ ನಾಲ್ಕು ಕೋಳಿ ಸಾಕಿಕೊಂಡಿರುವ ನಮ್ಮವರ ದೂರು ಒಂದೇ: ಮೊಟ್ಟೆ ಕಡಿಮೆಯಾಯ್ತು, ಇಟ್ಟಿದ್ದೂ ಮುಟ್ಟಿದರೆ ಒಡೆಯುತ್ತೆ. ನಮ್ಮ ರೂಮಿನ ಹಿಂದಿನ ಗೂಡಿನಲ್ಲೂ ಹಾಗೇ ಆಯಿತು. ಎಂಟು ಕೋಳಿ, ಚಳಿಗಾಲದಲ್ಲಿ ದಿನಕ್ಕೆ ಐದಾರು ಮೊಟ್ಟೆ. ನಾಲ್ಕು ಜನರ ಮೆಸ್ಸಿಗೆ ಅದು ಸಣ್ಣ ಉಳಿತಾಯವೇನಲ್ಲ. ಜೂನಿನಲ್ಲಿ ಎರಡಕ್ಕಿಳಿಯಿತು. ಕೆಲವಕ್ಕೆ ಚಿಪ್ಪೇ ಇಲ್ಲ, ಬರೀ ಪೊರೆ. “ವಯಸ್ಸಾಯ್ತು ಬಿಡ್ರೋ, ಶುಕ್ರವಾರ ಸಾರು ಮಾಡೋಣ” ಅಂತ ನಮ್ಮಲ್ಲೊಬ್ಬ ಕತ್ತಿ ಮಸೆಯಲಿಕ್ಕೇ ಕೂತ. ಸ್ವಲ್ಪ ದಿನ ತಡಿ ಮಾರಾಯ ಅಂದೆವು.

ಮೊದಲು ನಮ್ಮ ತಪ್ಪು ಹೇಳಿಬಿಡುತ್ತೇವೆ. ಮೆಸ್ಸಿನಲ್ಲಿ ಉಳಿದ ಕುಬ್ಬೂಸು, ಅನ್ನವನ್ನೇ ಹಾಕುತ್ತಿದ್ದೆವು. ಅದರಿಂದ ಹೊಟ್ಟೆ ತುಂಬುತ್ತೆ, ಸುಣ್ಣದಂಶ ಸಿಗೋದಿಲ್ಲ. ಒಂದು ಚಿಪ್ಪಿಗೆ ಸುಮಾರು 2 ಗ್ರಾಂ ಕ್ಯಾಲ್ಸಿಯಂ ಬೇಕು. ಮೇವಿನಲ್ಲಿ ಸಾಲದಿದ್ದರೆ ಕೋಳಿ ತನ್ನ ಎಲುಬಿನಿಂದಲೇ ತೆಗೆದು ಕೊಡುತ್ತದೆ. ಮೊಟ್ಟೆ ಕೋಳಿಯ ಲೇಯರ್ ಫೀಡಿನಲ್ಲಿ ಕ್ಯಾಲ್ಸಿಯಂ ಶೇಕಡಾ 3.5ರಿಂದ 4ರಷ್ಟಿರುತ್ತದೆ, ಬ್ರಾಯ್ಲರ್ ಫೀಡಿನಲ್ಲಿ ಶೇಕಡಾ 1ರ ಆಸುಪಾಸು. ಚೀಲ ನೋಡಿ ಕೊಳ್ಳಿ.

ಲೇಯರ್ ಫೀಡ್ ತಂದು ಹಾಕಿದೆವು. ಆದರೂ ಚಿಪ್ಪು ಗಟ್ಟಿಯಾಗಲಿಲ್ಲ. ಒಂದು ಮಧ್ಯಾಹ್ನ ಗೂಡಿಗೆ ಹೋಗಿ ನೋಡಿದಾಗ ಕಾರಣ ಕಣ್ಣೆದುರೇ ಇತ್ತು. ತಗಡಿನ ಮಾಡು ಕೆಂಡದಂತೆ ಕಾದಿತ್ತು, ಡಬ್ಬಿಯ ನೀರಿಗೆ ಕೈ ಅದ್ದುವ ಹಾಗಿರಲಿಲ್ಲ. ಕೋಳಿಗಳು ರೆಕ್ಕೆ ಅಗಲಿಸಿ, ಬಾಯಿ ಕಳೆದು ಏದುಸಿರು ಬಿಡುತ್ತಿದ್ದವು. ಹಾಕಿದ ಫೀಡು ಹಾಕಿದ ಹಾಗೇ ಇತ್ತು. ಜೂನ್, ಜುಲೈ, ಆಗಸ್ಟ್ ತಿಂಗಳಲ್ಲಿ ಮಧ್ಯಾಹ್ನ 12:30ರಿಂದ 3:30ರವರೆಗೆ ಬಿಸಿಲಿನ ಕೆಲಸದವರಿಗೆ ಇಲ್ಲಿಯ ಕಾನೂನು ವಿರಾಮ ಕೊಟ್ಟಿದೆ. ನಾವು ಎ.ಸಿ. ಹಾಕಿ ಮಲಗುತ್ತಿದ್ದ ಆ ಮೂರು ತಾಸು ಇವು ಇಲ್ಲಿ ಬೇಯುತ್ತಿದ್ದವು.

ಕೋಳಿ ಬೆವರೋದಿಲ್ಲ. ಏದುಸಿರಿನಿಂದಲೇ ಮೈ ತಣಿಸಿಕೊಳ್ಳಬೇಕು. ಹಾಗೆ ಉಸಿರು ಬಿಟ್ಟೂ ಬಿಟ್ಟೂ ಇಂಗಾಲದ ಡೈಆಕ್ಸೈಡ್ ಹೆಚ್ಚು ಹೊರಹೋಗಿ, ಚಿಪ್ಪು ಕಟ್ಟಲು ಬೇಕಾದ ಅಂಶ ರಕ್ತದಲ್ಲಿ ಕಡಿಮೆಯಾಗುತ್ತದೆ. ಅದರ ಮೇಲೆ ಸೆಕೆಗೆ ಮೇವೂ ಸೇರೋದಿಲ್ಲ. ಎಷ್ಟು ಒಳ್ಳೆ ಫೀಡ್ ಇದ್ದರೇನು, ತಿಂದರೆ ತಾನೇ?

ನಾವು ಮಾಡಿದ್ದಿಷ್ಟು:

ತಗಡಿನ ಮೇಲೆ ಖರ್ಜೂರದ ಗರಿ ದಪ್ಪಗೆ ಹೊದಿಸಿ, ಎರಡು ಬದಿ ಗಾಳಿಗೆ ತೆರೆದು ಜಾಲರಿ ಹಾಕಿದೆವು. ಒಣ ಸೆಕೆಗೆ ಒದ್ದೆ ಗೋಣಿ ಒಳ್ಳೆಯದು. ಮೈ ಅಂಟಂಟು ಅನ್ನುವ ದಿನ ಅದರಿಂದ ಲಾಭವಿಲ್ಲ, ಗಾಳಿಯೇ ಬೇಕು.

ನೀರನ್ನು ನೆರಳಿನಲ್ಲಿ ಮಣ್ಣಿನ ಪಾತ್ರೆಗೆ ಹಾಕಿ, ಮಧ್ಯಾಹ್ನ ಒಮ್ಮೆ ಬದಲಿಸುತ್ತೇವೆ. ಬಿಸಿಲಿನ ಪೈಪಿನಲ್ಲಿ ಮೊದಲು ಬರುವ ಬಿಸಿನೀರನ್ನು ಗಿಡಕ್ಕೆ ಬಿಡುತ್ತೇವೆ.

ಫೀಡು ಬೆಳಗಿನ ಜಾವ ಮತ್ತು ಬಿಸಿಲಿಳಿದ ಮೇಲೆ.

ಮೀನಿನಂಗಡಿಯಿಂದ ತಂದ ಮರುವಾಯಿ ಚಿಪ್ಪನ್ನು ತೊಳೆದು ಒಣಗಿಸಿ, ಜೋಳದ ಕಾಳಿನಷ್ಟು ದಪ್ಪಕ್ಕೆ ಕುಟ್ಟಿ ಬೇರೆ ತಟ್ಟೆಯಲ್ಲಿ ಸಂಜೆ ಇಡುತ್ತೇವೆ. ಚಿಪ್ಪು ಹೆಚ್ಚಾಗಿ ಕಟ್ಟುವುದು ರಾತ್ರಿ. ಹಿಟ್ಟು ಬೇಗ ಸಾಗಿಹೋಗುತ್ತೆ, ತುಂಡು ಹೊಟ್ಟೆಯಲ್ಲಿ ನಿಂತು ನಿಧಾನ ಕರಗುತ್ತೆ. ಬೇಕಾದಷ್ಟನ್ನು ಕೋಳಿಯೇ ತಿನ್ನುತ್ತದೆ.

ಎರಡು ವಾರಕ್ಕೆ ಚಿಪ್ಪು ಗಟ್ಟಿಯಾಯ್ತು, ಮೊಟ್ಟೆ ನಾಲ್ಕಕ್ಕೆ ಬಂತು. ಚಳಿಗಾಲದಷ್ಟು ಈಗ ಬಾರದು, ಆಸೆಪಡಬೇಡಿ.

ಇನ್ನೆರಡು ಮಾತು. ಪುಕ್ಕ ಉದುರಿಸುವ ಕೋಳಿ ಮೊಟ್ಟೆ ನಿಲ್ಲಿಸುವುದು ಸಹಜ. ಮುದಿ ಕೋಳಿಯ ಚಿಪ್ಪು ತುಸು ತೆಳುವಾಗುವುದೂ ಸಹಜವೇ. ಆದರೆ ಸೀನು, ಮೂಗಿನಲ್ಲಿ ನೀರು, ಹಸಿರು ಹಿಕ್ಕೆ, ಕುತ್ತಿಗೆ ತಿರುಚುವುದು ಕಂಡರೆ, ಅಥವಾ ಒಂದರ ಹಿಂದೊಂದು ಸತ್ತರೆ, ಅದು ಸೆಕೆಯ ಕಾಟವೆಂದು ಸುಮ್ಮನಿರಬೇಡಿ. ಅಂಥದ್ದನ್ನು ಕೊಯ್ದು ಸಾರೂ ಮಾಡಬೇಡಿ. ಅರಬಾಬಿಗೆ ಹೇಳಿ ಪಶುವೈದ್ಯರನ್ನು ಕರೆಸಿ.

ಕತ್ತಿ ಮಸೆದವನೇ ಈಗ ಮಧ್ಯಾಹ್ನ ಮಲಗುವ ಮುನ್ನ ಗೂಡಿನ ನೀರು ಬದಲಿಸಿ ಬರುತ್ತಾನೆ. ನೀವೂ ಕತ್ತಿ ಹಿಡಿಯುವ ಮೊದಲು, ಹನ್ನೆರಡೂವರೆಗೆ ಗೂಡಿನೊಳಗೆ ಒಮ್ಮೆ ಕೈಯಿಟ್ಟು ನೋಡಿ.