ಕಂಪ್ಯೂಟರ್ ಓದೋ ಆಸೆ ಇದ್ದರೆ ಗಣಿತ ಬಿಡಬೇಡಿ



ಈ ವರ್ಷ ನಮ್ಮಕ್ಕ ಎಸ್ಸೆಸ್ಸೆಲ್ಸಿ ಪಾಸಾದಳು. ಅವಳಿಗೆ ಕಂಪ್ಯೂಟರ್ ಇಂಜಿನಿಯರ್ ಆಗುವ ಆಸೆ. ಆದರೆ ಗಣಿತ ಅಂದ್ರೆ ಭಯ. "ಪಿಯುಸಿಲಿ ಆರ್ಟ್ಸ್ ತಗೊಂಡು ಆಮೇಲೆ ಇಂಜಿನಿಯರಿಂಗ್ ಸೇರ್ತೀನಿ" ಅಂದಳು. ಅಪ್ಪನೂ ಹೂಂ ಅಂದ್ರು. ನಮ್ಮ ಮನೆಯಲ್ಲಿ ಕಾಲೇಜು ಮೆಟ್ಟಿಲು ಹತ್ತಿದವರು ಯಾರೂ ಇಲ್ಲ. ಹಾಗೆ ಆಗಲ್ಲ ಅಂತ ಹೇಳೋರು ಯಾರು?

ಮರುದಿನ ನಾನು ಗಣಿತ ಮೇಷ್ಟ್ರನ್ನು ಕೇಳಿದೆ. ಬಿ.ಇ. ಸೇರಲು ಪಿಯುಸಿಯಲ್ಲಿ ಭೌತಶಾಸ್ತ್ರ, ಗಣಿತ ಓದಿರಲೇಬೇಕು, ಸಿಇಟಿ ಬರೆಯಬೇಕು. ಇನ್ನೊಂದು ದಾರಿಯೂ ಇದೆ. ಎಸ್ಸೆಸ್ಸೆಲ್ಸಿ ಆದಮೇಲೆ ಪಾಲಿಟೆಕ್ನಿಕ್‌ನಲ್ಲಿ 3 ವರ್ಷ ಡಿಪ್ಲೊಮಾ ಓದಿ, ಡಿಸಿಇಟಿ ಬರೆದು ಬಿ.ಇ. 2ನೇ ವರ್ಷಕ್ಕೆ ಸೇರಬಹುದು. ಅಲ್ಲೂ ಗಣಿತ ತಪ್ಪಿದ್ದಲ್ಲ. ಕಂಪ್ಯೂಟರ್ ಸೈನ್ಸ್, ಇನ್ಫರ್ಮೇಶನ್ ಸೈನ್ಸ್ ಅಂತ ಹೆಸರು ಬೇರೆ ಬೇರೆ ಇದ್ದರೂ ಪಾಠ ಬಹಳಷ್ಟು ಒಂದೇ ಅಂತೆ.

ನಮ್ಮಲ್ಲಿ ಕೆಲವರು ಕಂಪ್ಯೂಟರ್ ಓದುವುದು ಅಂದರೆ ಟೈಪ್ ಮಾಡೋದು ಅಂದುಕೊಂಡಿದ್ದಾರೆ. ಡೈರಿಗೆ ಹಾಲು ಹಾಕಿದಾಗ ಬರೋ ಚೀಟಿ ನೋಡಿದ್ದೀರಲ್ಲ? ಎಷ್ಟು ಲೀಟರು, ಎಷ್ಟು ಫ್ಯಾಟು, ಎಷ್ಟು ದುಡ್ಡು ಎಲ್ಲಾ ಇರುತ್ತೆ. ಆ ಲೆಕ್ಕ ಹೇಗೆ ಮಾಡಬೇಕು ಅಂತ ಯಂತ್ರಕ್ಕೆ ಯಾರೋ ಮೊದಲೇ ಹಂತ ಹಂತವಾಗಿ ಬರೆದಿಟ್ಟಿರುತ್ತಾರೆ. ಅದೇ ಪ್ರೋಗ್ರಾಮ್. ನಾವು ಬೀಜಗಣಿತದಲ್ಲಿ ಗೊತ್ತಿಲ್ಲದ ಸಂಖ್ಯೆಗೆ ಎಕ್ಸ್ ಅಂತೀವಲ್ಲ, ಅಲ್ಲೂ ಹಾಗೇ ಲೀಟರಿಗೊಂದು ಹೆಸರು, ಫ್ಯಾಟಿಗೊಂದು ಹೆಸರು ಇಡುತ್ತಾರೆ. ಹಾಗಾದರೆ ಕಂಪ್ಯೂಟರ್ ಪಾಠ ನಮಗೆ ಈಗಲೇ ಶುರುವಾಗಿದೆ ಅಂತ ನನ್ನ ಅಭಿಪ್ರಾಯ.

ನಾವು ಕನ್ನಡ ಮಾಧ್ಯಮದವರು, ಹಳ್ಳಿಯವರು ಅಂತ ಹಿಂಜರಿಯಬಾರದು. 1ರಿಂದ 10ನೇ ತರಗತಿವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಸಿಇಟಿಯ ಸರ್ಕಾರಿ ಸೀಟುಗಳಲ್ಲಿ ಶೇ. 5, ಹಳ್ಳಿ ಶಾಲೆಯಲ್ಲಿ ಓದಿದವರಿಗೆ ಶೇ. 15 ಮೀಸಲಾತಿ ಇದೆ. ಇದೂ ನಮ್ಮ ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ.

ತಪ್ಪು ಅಕ್ಕನದಲ್ಲ. ಏಳನೇ ತರಗತಿಯಲ್ಲೇ ಯಾರಾದರೂ ಹೇಳಿದ್ದರೆ ಅವಳು ಗಣಿತಕ್ಕೆ ಹೆದರಿ ಕೂರುತ್ತಿರಲಿಲ್ಲ. ಈಗ ಡಿಪ್ಲೊಮಾಗೆ ಅರ್ಜಿ ಹಾಕಿದ್ದಾಳೆ. ದಿನಾ ಸಂಜೆ ಹಳೇ ಗಣಿತ ಪುಸ್ತಕ ಹಿಡಿದು ಕೂರುತ್ತಾಳೆ, ನಾನೂ ಪಕ್ಕದಲ್ಲಿ ಕೂರುತ್ತೇನೆ. ಸೀಟು ಸಿಗುತ್ತೋ ಇಲ್ಲವೋ ನೋಡಬೇಕು.

ಗುರುಗಳಲ್ಲಿ ನನ್ನದೊಂದು ವಿನಂತಿ. ಯಾವ ಓದಿಗೆ ಯಾವ ವಿಷಯ ಬೇಕು ಅಂತ ಒಂದು ಚಾರ್ಟ್ ಬರೆಸಿ ಈ ಗೋಡೆ ಪತ್ರಿಕೆ ಪಕ್ಕದಲ್ಲೇ ಹಾಕಿಸಿ. ಅಪ್ಪ ಅಮ್ಮಂದಿರೂ ಬಂದಾಗ ಓದಲಿ. ಬರೆಯಲು ನಾನು ಸಿದ್ಧ.

ಇಂತಿ ನಿಮ್ಮ ಗೆಳತಿ,
7ನೇ ತರಗತಿ